ಪದ ಇದೆ, ಉತ್ತರ ಇಲ್ಲ: ಫಿನ್ನಿಶ್ ಟರ್ಮಿನಲ್ ನಿಘಂಟಿನ ದೋಷ ಹುಡುಕುವ ಬಗೆ

ಫಿನ್‌ಲ್ಯಾಂಡ್‌ನ ಎಸ್ಪೂವಿನಲ್ಲಿ ನಾವಿರುವ ಕಟ್ಟಡದ ಮೆಟ್ಟಿಲ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ‘ಪೆಸುತುವಸ್ಸ’ ಎಂಬ ಪದ ಇತ್ತು. ನಾನೇ ಬರೆದುಕೊಂಡ ಪುಟ್ಟ ನಿಘಂಟು ಇದೆಯಲ್ಲ, ಅದಕ್ಕೆ ಕೊಟ್ಟೆ. ಅದರ ಹೆಸರು ‘ಸನ’. ಫಿನ್ನಿಶ್‌ನಲ್ಲಿ ಸನ ಎಂದರೆ ಪದ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ಸನ ಅಂತ ಹೊಡೆದು, ಪಕ್ಕದಲ್ಲಿ ಬೇಕಾದ ಪದ ಹೊಡೆದರೆ ಅರ್ಥ ಬರಬೇಕು. ಬಂದದ್ದು ಮಾತ್ರ: ‘ಸಿಗಲಿಲ್ಲ’.

ಎಷ್ಟು ಬೇಗ ಬಂತು ಅಂದ್ರೆ ಖುಷಿಯೇ ಆಯಿತು. ಆಮೇಲೆ ಯೋಚಿಸಿದೆ: ಬೇಗ ಸುಳ್ಳು ಹೇಳುವ ನಿಘಂಟು ಇಟ್ಟುಕೊಂಡು ಏನು ಮಾಡಲಿ?

ಆ ಒಂದು ‘ಸಿಗಲಿಲ್ಲ’ದ ಹಿಂದೆ ಬಿದ್ದು ಹಲವು ಸಂಜೆಗಳನ್ನು ಕಳೆದೆ. ಒಂದೇ ಉತ್ತರದ ಹಿಂದೆ ಬೇರೆ ಬೇರೆ ದೋಷಗಳು ಅಡಗಿದ್ದವು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ನಾನು ಮೊದಲು ಡೇಟಾ ಸರಿಯಿಲ್ಲ ಅಂದುಕೊಂಡೆ. ಅದು ತಪ್ಪಾಗಿತ್ತು. ಹಾಗಾಗಿ ಇಲ್ಲಿ ಡೇಟಾವನ್ನು ಕೊನೆಗೆ ಇಟ್ಟಿದ್ದೇನೆ. ನಿಮ್ಮ ನಿಘಂಟೂ ಹೀಗೇ ಕೈಕೊಡುತ್ತಿದ್ದರೆ ಇದೇ ಕ್ರಮದಲ್ಲಿ ನೋಡುತ್ತಾ ಬನ್ನಿ.

ನನ್ನ ನಿಘಂಟಿನ ರಚನೆ ಇಷ್ಟೇ. ಇಂಗ್ಲಿಷ್ ವಿಕ್ಷನರಿ ಎಂಬ ಆನ್‌ಲೈನ್ ನಿಘಂಟಿನ ಫಿನ್ನಿಶ್ ಪದಗಳನ್ನು ಜೇಸನ್ ಎಂಬ ಪಠ್ಯ ರೂಪದ ಸಾಲುಗಳಾಗಿ ತೆಗೆದುಕೊಡುವ ವಿಕ್‌ಟೆಕ್ಸ್‌ಟ್ರ್ಯಾಕ್ಟ್ ಎಂಬ ಉಪಕರಣ ಇದೆ. ಅದನ್ನು ಬರೆದವರು ತಾತು ಯ್ಲೊನೆನ್. 1995ರಲ್ಲಿ, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರುವ ಎಸ್‌ಎಸ್‌ಎಚ್ ಮಾಡಿದವರೂ ಅವರೇ. ಅಲ್ಲಿಂದ ಬಂದ ಕಡತವನ್ನು ನಾನು ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ತುಂಬಿದ್ದೇನೆ. ಮುಂದೆ ಒಂದು ಪೈಥಾನ್ ಸ್ಕ್ರಿಪ್ಟ್ ಕೂತಿದೆ. ಈ ಬರಹದಲ್ಲಿ ಕಮಾಂಡ್‌ಗಳನ್ನೂ ಫಿನ್ನಿಶ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಹೊಡೆಯುವಾಗ ರೋಮನ್ ಅಕ್ಷರದಲ್ಲಿ ಹೊಡೆಯಿರಿ. ತಲೆಯ ಮೇಲೆ ಎರಡು ಚುಕ್ಕೆ ಇರುವ ಎ ಅಕ್ಷರದ ಉಚ್ಚಾರ ನಮ್ಮ ‘ಬ್ಯಾಂಕ್’ನಲ್ಲಿ ಬರುವ ಆ್ಯ ಥರ. ಅದನ್ನು ಹಾಗೇ ಬರೆಯುತ್ತೇನೆ.

ಮೊದಲು ಬೈಟ್ ಎಣಿಸಿ

ಪರೀಕ್ಷೆಗೆ ‘ಸ್ಯಾ’ ಎಂಬ ಪದ ತೆಗೆದುಕೊಳ್ಳಿ. ಹವಾಮಾನ ಅಂತ ಅರ್ಥ. ಎಸ್ ಒಂದು, ಚುಕ್ಕೆ ಇರುವ ಎ ಎರಡು, ಒಟ್ಟು ಮೂರೇ ಅಕ್ಷರ. ಪ್ರಿಂಟ್‌ಎಫ್‌ನಿಂದ ಅಚ್ಚು ಮಾಡಿಸಿ, ಪೈಪ್ ಹಾಕಿ (ಒಂದರಿಂದ ಬಂದದ್ದನ್ನು ಇನ್ನೊಂದಕ್ಕೆ ಹಾಯಿಸಿ), ಬೈಟ್ ಎಣಿಸುವ ‘ಡಬ್ಲ್ಯೂಸಿ -ಸಿ’ಗೆ ಕೊಡಿ. ಎಕೋ ಬಳಸಬೇಡಿ, ಅದು ಸಾಲಿನ ಕೊನೆಗೆ ಇನ್ನೊಂದು ಬೈಟ್ ಸೇರಿಸಿ ಲೆಕ್ಕ ಕೆಡಿಸುತ್ತದೆ.

5 ಬಂದರೆ ಆರೋಗ್ಯ ಸರಿಯಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಚುಕ್ಕೆ ಎ ಎರಡು ಬೈಟ್ ತೆಗೆದುಕೊಳ್ಳುತ್ತದೆ, ಸಿ3 ಮತ್ತು ಎ4. ಎಸ್ ಒಂದು, ಎರಡೆರಡು ಸೇರಿ ಐದು.

7 ಬಂದರೆ ಅಕ್ಷರ ಒಡೆದಿದೆ. ಬರೀ ಎ ಒಂದು ಕಡೆ, ಅದರ ಮೇಲಿನ ಚುಕ್ಕೆಗಳು ಇನ್ನೊಂದು ಕಡೆ. ಬೈಟ್‌ಗಳನ್ನು ನೋಡಿದರೆ 61 ಸಿಸಿ 88 ಅಂತ ಕಾಣುತ್ತದೆ. ಪರದೆಯ ಮೇಲೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಕಂಪ್ಯೂಟರ್‌ಗೆ ಮಾತ್ರ ಅದು ಬೇರೆಯೇ ಪದ. ಮ್ಯಾಕ್‌ನ ಕಡತದ ಹೆಸರುಗಳಿಂದ, ಕೆಲವು ಪಿಡಿಎಫ್‌ಗಳಿಂದ ಕಾಪಿ ಮಾಡಿದರೆ ಹೀಗಾಗಬಹುದು. ಇದು ನಮಗೆ ಹೊಸದೇನಲ್ಲ. ‘ಕೊ’ ಅಕ್ಷರದ ಒತ್ವಕ್ಕೂ ಯೂನಿಕೋಡ್‌ನಲ್ಲಿ ಎರಡು ದಾರಿ ಇವೆ: ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಊಕಾರದ ಕೊಂಬು ಸೇರಿಸಿ ಬರೆಯಬಹುದು. ಕನ್ನಡದ ಹುಡುಕಾಟದಲ್ಲಿ ಯಾರಾದರೂ ಒದ್ದಾಡಿದ್ದರೆ ಈ ನೋವು ಗೊತ್ತಿರುತ್ತದೆ.

3 ಬಂದರೆ ಟರ್ಮಿನಲ್ ಯುಟಿಎಫ್-8ರಲ್ಲಿ ಇಲ್ಲವೇ ಇಲ್ಲ. ಹಳೆಯ ಲ್ಯಾಟಿನ್-1 ಇರಬಹುದು, ವಿಂಡೋಸ್‌ನ ಕೋಡ್ ಪೇಜ್ 850 ಇರಬಹುದು. ವಿಂಡೋಸ್ ಕನ್ಸೋಲ್‌ನಲ್ಲಿ ‘ಸಿಎಚ್‌ಸಿಪಿ 65001’ ಕೊಟ್ಟು ಮತ್ತೆ ನೋಡಿ. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಇನ್ನೊಂದು ಕಾಟ. ಅಲ್ಲಿ ಹೊರಗಿನ ಪ್ರೋಗ್ರಾಂಗೆ ಪೈಪ್ ಮೂಲಕ ಹೋಗುವ ಅಕ್ಷರಗಳು ತಾನಾಗೇ ಚುಕ್ಕೆ ಅಕ್ಷರಗಳೇ ಇಲ್ಲದ ಹಳೆಯ ಆಸ್ಕಿ ಆಗುತ್ತವೆ. ಚುಕ್ಕೆ ಎ ಪ್ರಶ್ನೆ ಚಿಹ್ನೆಯಾಗಿ ಹೊರಬರುತ್ತದೆ.

ಡೇಟಾ ಕಡತದಲ್ಲಿ ಇದೇ ಪದ 6 ಬೈಟ್ ತೋರಿಸಿದರೆ ಬಾಲದಲ್ಲಿ ವಿಂಡೋಸ್‌ನ ಸಾಲು ಗುರುತು, 0ಡಿ, ಅಂಟಿಕೊಂಡಿದೆ ಅಂತ ಲೆಕ್ಕ. ಪದ ನಿಘಂಟಿನಲ್ಲಿ ಇರುತ್ತದೆ, ಆದರೆ ಬಾಲ ಸಮೇತ ಇರುತ್ತದೆ.

ಇನ್ನೊಂದು ಕಣ್ಣಿಗೇ ಕಾಣದ ಕಳ್ಳ ಇದ್ದಾನೆ. ಫಿನ್ನಿಶ್ ಪದಗಳು ಉದ್ದ ಜಾಸ್ತಿ. ಮೊಬೈಲ್ ಪರದೆಯಲ್ಲಿ ಎಲ್ಲಿ ಮುರಿಯಬೇಕು ಅಂತ ತೋರಿಸಲು ಕೆಲವು ಪುಟಗಳು ಪದದ ನಡುವೆ ‘ಸಾಫ್ಟ್ ಹೈಫನ್’ ಇಟ್ಟಿರುತ್ತವೆ. ಅದಕ್ಕೂ ಎರಡು ಬೈಟ್, ಸಿ2 ಮತ್ತು ಎಡಿ. ಕಾಪಿ ಮಾಡಿದಾಗ ಅದೂ ಜೊತೆಗೇ ಬರುತ್ತದೆ. ಪತ್ರಿಕೆಯಿಂದ ಕಾಪಿ ಮಾಡಿದ ಪದ ಸಿಗುತ್ತಿಲ್ಲ, ಅದನ್ನೇ ಕೈಯಿಂದ ಹೊಡೆದರೆ ಸಿಗುತ್ತಿದೆ ಅಂದ್ರೆ ಮೊದಲ ಅನುಮಾನ ಇವನ ಮೇಲೇ.

ಟರ್ಮಿನಲ್ ಸೆಟ್ಟಿಂಗ್‌ನ ದೋಷ ಬಿಟ್ಟರೆ ಉಳಿದದ್ದಕ್ಕೆಲ್ಲ ಪರಿಹಾರ ಒಂದೇ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಎನ್‌ಎಫ್‌ಸಿ ರೂಪಕ್ಕೆ (ಒಡೆದ ಅಕ್ಷರ ಕೂಡಿಸಿದ ರೂಪ) ತನ್ನಿ, ಸಾಫ್ಟ್ ಹೈಫನ್ ತೆಗೆಯಿರಿ, ಹಿಂದೆ ಮುಂದೆ ಇರುವ ಖಾಲಿ ಜಾಗ ಕತ್ತರಿಸಿ. ಡೇಟಾ ತುಂಬುವಾಗಲೂ ಇದೇ ಫಂಕ್ಷನ್, ಹುಡುಕುವಾಗಲೂ ಇದೇ ಫಂಕ್ಷನ್. ನಾನು ಹುಡುಕುವಾಗ ಮಾತ್ರ ಹಾಕಿ, ತುಂಬುವಾಗ ಮರೆತಿದ್ದೆ. ಒಂದು ಸಂಜೆ ಹೋದದ್ದು ಹಾಗೆ.

ಚುಕ್ಕೆ ಕಳೆದುಹೋದಾಗ

ಇದು ಸಿಗದಿರುವ ದೋಷ ಅಲ್ಲ, ತಪ್ಪು ಸಿಗುವ ದೋಷ. ‘ಸ್ಯಾ’ ಕೇಳಿದರೆ ‘ಸಾ’ ಕೂಡ ಬರುತ್ತದೆ. ಮೊದಲನೆಯದು ಹವಾಮಾನ, ಎರಡನೆಯದು ‘ಪಡೆಯುತ್ತಾನೆ’ ಅಥವಾ ‘ಮಾಡಬಹುದು’ ಎಂಬ ಅರ್ಥದ್ದು. ‘ವ್ಯಾರ್ಯಾ’ ಕೇಳಿದರೆ ‘ವಾರ’ ಬರುತ್ತದೆ. ತಪ್ಪು ಎಂಬ ಪದ ಕೇಳಿದವನಿಗೆ ಅಪಾಯ ಎಂಬ ಪದ ಸಿಕ್ಕ ಹಾಗೆ.

ನೀವು ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 (ಪಠ್ಯ ಹುಡುಕುವ ಭಾಗ) ಬಳಸುತ್ತಿದ್ದರೆ ಕಾರಣ ಅಲ್ಲೇ ಇದೆ. ಅದರ ಪಠ್ಯವನ್ನು ಪದಗಳಾಗಿ ಒಡೆಯುವ ‘ಯೂನಿಕೋಡ್61’ ಎಂಬ ಟೋಕನೈಸರ್ ಸುಮ್ನೆ ಬಿಟ್ಟರೆ ಅಕ್ಷರದ ಮೇಲಿನ ಗುರುತುಗಳನ್ನು ಅಳಿಸಿಬಿಡುತ್ತದೆ. ‘ರಿಮೂವ್ ಡಯಾಕ್ರಿಟಿಕ್ಸ್’ ಅನ್ನು 0 ಮಾಡಿ, ಟೇಬಲ್ ಮತ್ತೆ ಕಟ್ಟಿ. ಫ್ರೆಂಚ್‌ನವರಿಗೆ ಅಳಿಸುವುದು ಅನುಕೂಲವೇ ಇರಬಹುದು. ಫಿನ್ನಿಶ್‌ನಲ್ಲಿ ಚುಕ್ಕೆ ಎ ಅಲಂಕಾರ ಅಲ್ಲ, ಅದು ಬೇರೆಯೇ ಅಕ್ಷರ. ಅವರ ಅಕ್ಷರಮಾಲೆಯಲ್ಲಿ ಅದು ಝಡ್ ಆದ ಮೇಲೆ ಬರುತ್ತದೆ.

ಇದರ ತಮ್ಮನಂಥ ದೋಷ ಇನ್ನೊಂದು. ‘ಆ್ಯನಿ’ ಎಂದರೆ ದನಿ, ಮತ ಎಂಬ ಅರ್ಥವೂ ಇದೆ. ಸಣ್ಣಕ್ಷರದಲ್ಲಿ ಕೇಳಿದರೆ ಸಿಗುತ್ತದೆ, ವಾಕ್ಯದ ಮೊದಲಲ್ಲಿ ಬಂದ ದೊಡ್ಡಕ್ಷರದಲ್ಲಿ ಕೇಳಿದರೆ ಸಿಗಲ್ಲ. ಎಸ್‌ಕ್ಯೂಲೈಟ್‌ನ ಲೋವರ್ ಫಂಕ್ಷನ್ ಮತ್ತು ನೋಕೇಸ್ ಎರಡೂ ಇಂಗ್ಲಿಷ್‌ನ 26 ಅಕ್ಷರಗಳನ್ನಷ್ಟೇ ಚಿಕ್ಕದು ಮಾಡುತ್ತವೆ. ಚುಕ್ಕೆ ಇದ್ದರೆ ಮುಟ್ಟುವುದೇ ಇಲ್ಲ. ಆ ಕೆಲಸವನ್ನು ಪೈಥಾನ್‌ನಲ್ಲೇ ಮುಗಿಸಿ ಕೊಡಿ.

ಕೆಲವು ಸಿಗುತ್ತವೆ, ಕೆಲವು ಸಿಗಲ್ಲ

ಡೇಟಾಬೇಸ್ ಬೇಡ, ವಿಂಗಡಿಸಿದ ಒಂದೇ ಪಠ್ಯ ಕಡತ ಸಾಕು ಅನ್ನುವವರಿಗೆ ಇದು. ದಾರಿ ಒಳ್ಳೆಯದೇ. 4 ಲಕ್ಷ ಸಾಲು ಇದ್ದರೂ ಅರ್ಧ ಅರ್ಧ ಮಾಡುತ್ತಾ ಹೋದರೆ 19 ಹೆಜ್ಜೆಯಲ್ಲಿ ಪದ ಸಿಗುತ್ತದೆ. ಯುನಿಕ್ಸ್‌ನ ‘ಲುಕ್’ ಕಮಾಂಡ್ ಮಾಡುವುದೂ ಇದನ್ನೇ.

ಆದರೆ ಕಡತ ಯಾವ ಕ್ರಮದಲ್ಲಿದೆ ಎಂಬುದೇ ಪ್ರಶ್ನೆ. ಸಾರ್ಟ್ ಕಮಾಂಡ್ ನಿಮ್ಮ ಯಂತ್ರದ ಭಾಷೆಯ ಪ್ರಕಾರ ವಿಂಗಡಿಸುತ್ತದೆ. ಇಂಗ್ಲಿಷ್ ಇದ್ದರೆ ಚುಕ್ಕೆ ಎ ಬರೀ ಎ ಪಕ್ಕದಲ್ಲಿ ಕೂರುತ್ತದೆ. ಫಿನ್ನಿಶ್ ಇದ್ದರೆ ಝಡ್ ಆದ ಮೇಲೆ. ಬೈಟ್ ಲೆಕ್ಕದಲ್ಲಿ ನೋಡಿದರೆ ದೊಡ್ಡಕ್ಷರಗಳೆಲ್ಲ ಮೊದಲು, ಸಣ್ಣವು ಆಮೇಲೆ, ಚುಕ್ಕೆಯವು ಕೊನೆಗೆ. ವಿಂಗಡಿಸಿದ್ದು ಒಂದು ಕ್ರಮದಲ್ಲಿ, ಹುಡುಕುವುದು ಇನ್ನೊಂದು ಕ್ರಮದಲ್ಲಿ ಆದರೆ ಹುಡುಕಾಟ ತಪ್ಪು ಅರ್ಧಕ್ಕೆ ತಿರುಗಿಬಿಡುತ್ತದೆ. ‘ತಲೊ’ (ಮನೆ) ಸಿಗುತ್ತದೆ, ‘ಕ್ಯಾಸಿ’ (ಕೈ) ಸಿಗಲ್ಲ. ಇಂಥ ಅರೆಬರೆ ದೋಷಕ್ಕೆ ತಲೆ ಜಾಸ್ತಿ ಕೆಡುತ್ತದೆ. ಏಕೆಂದರೆ ಪರೀಕ್ಷೆಗೆ ನಾವು ಹೊಡೆಯುವುದು ತಲೊ ಥರದ ಸುಲಭದ ಪದಗಳನ್ನೇ.

‘ಎಲ್‌ಸಿ ಆಲ್’ ಎಂಬ ಪರಿಸರ ವೇರಿಯಬಲ್‌ಗೆ ಸಿ ಅಂತ ಕೊಟ್ಟು ‘ಸಾರ್ಟ್ -ಸಿ’ ಓಡಿಸಿ. ಕ್ರಮ ತಪ್ಪಿದ ಮೊದಲ ಸಾಲನ್ನು ಅದೇ ತೋರಿಸುತ್ತದೆ. ಹಾಗೇ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ವಿಂಗಡಿಸಿ, ಹುಡುಕುವಾಗಲೂ ಅದನ್ನೇ ಇಡಿ.

ನಿಧಾನ ಆದಾಗ

ಇದರ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ. ನನಗೆ ಇದು ಸುಲಭದ ಭಾಗ ಅನಿಸಿತು. ಮೊದಲು ‘ಟೈಮ್’ ಹಾಕಿ ಅಳೆಯಿರಿ. ಇಲ್ಲದ ಪದ ಕೇಳಿದರೂ ಅಷ್ಟೇ ಹೊತ್ತು ಹಿಡಿದರೆ ಹುಡುಕಾಟ ನಿಧಾನ ಇರಬಹುದು. ಪದವನ್ನೇ ಕೊಡದೆ, ಬರೀ ಸಹಾಯದ ಸಾಲು ಕೇಳಿದಾಗಲೂ ಅಷ್ಟೇ ಹೊತ್ತು ಹಿಡಿದರೆ ಹುಡುಕಾಟಕ್ಕೂ ಅದಕ್ಕೂ ಸಂಬಂಧ ಇಲ್ಲ, ಪ್ರೋಗ್ರಾಂ ಏಳುವುದೇ ನಿಧಾನ. ನನ್ನ ಮೊದಲ ಆವೃತ್ತಿ ಪ್ರತಿ ಸಲವೂ ಇಡೀ ಜೇಸನ್ ಕಡತ ಓದುತ್ತಿತ್ತು. ಒಂದು ಪದಕ್ಕಾಗಿ ಇಡೀ ಗ್ರಂಥಾಲಯವನ್ನು ಮನೆಗೆ ಹೊತ್ತು ತಂದ ಹಾಗೆ. ಪೈಥಾನ್‌ಗೆ ‘-ಎಕ್ಸ್ ಇಂಪೋರ್ಟ್‌ಟೈಮ್’ ಕೊಟ್ಟರೆ ಯಾವ ಮಾಡ್ಯೂಲ್ ಎಷ್ಟು ಹೊತ್ತು ತಿನ್ನುತ್ತಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಎಂದೋ ಬೇಕಾದೀತು ಅಂತ ಸೇರಿಸಿಟ್ಟ ಒಂದೆರಡು ದೊಡ್ಡ ಲೈಬ್ರರಿಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಹುಡುಕಾಟವೇ ನಿಧಾನ ಆಗಿದ್ದರೆ ಎಸ್‌ಕ್ಯೂಲೈಟ್‌ಗೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲ್ಯಾನ್’ ಅಂತ ಕೇಳಿ. ‘ಸರ್ಚ್’ ಅಂದರೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಬಳಸುತ್ತಿದೆ. ‘ಸ್ಕ್ಯಾನ್’ ಅಂದರೆ ಒಂದೊಂದೇ ಸಾಲು ಓದುತ್ತಿದೆ. ಇಂಡೆಕ್ಸ್ ಇದ್ದೂ ಸ್ಕ್ಯಾನ್ ಅನ್ನುತ್ತಿದ್ದರೆ ನಿಮ್ಮ ಕ್ವೆರಿಯಲ್ಲಿ ಹೋಲುವ ಪದ ಹುಡುಕುವ ಲೈಕ್ ಇರಬೇಕು. ಲೈಕ್ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂತ ನೋಡುತ್ತದೆ, ಸಾಮಾನ್ಯ ಇಂಡೆಕ್ಸ್ ಹಾಗೆ ನೋಡುವುದಿಲ್ಲ. ಎರಡೂ ಹೊಂದುವುದಿಲ್ಲ. ‘ತಲೊ’ದಿಂದ ಶುರುವಾಗುವ ಪದಗಳು ಬೇಕಿದ್ದರೆ ಲೈಕ್ ಬಿಟ್ಟು, ‘ತಲೊ’ಗಿಂತ ಕಡಿಮೆ ಇಲ್ಲದ, ‘ತಲ್ಪ್’ಗಿಂತ ಕಡಿಮೆ ಇರುವ ಪದ ಅಂತ ಕೇಳಿ. ಒ ಆದ ಮೇಲಿನ ಅಕ್ಷರ ಪಿ, ಅಷ್ಟೇ ಗುಟ್ಟು.

ಆರೋ, ಮರವೋ

‘ಕೂಸಿ’ ಕೇಳಿದೆ. ಸ್ಪ್ರೂಸ್ ಮರ ಅಂತ ಬಂತು. ಸರಿ. ಆದರೆ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬರು ಹೇಳಿದ ಕೂಸಿ ಮರ ಆಗಿರಲಿಲ್ಲ. ಆರು ಅಂದಿದ್ದರು.

ಈ ದೋಷ ನನ್ನದೇ. ವಿಕ್‌ಟೆಕ್ಸ್‌ಟ್ರ್ಯಾಕ್ಟ್ ಕೊಡುವ ಕಡತದಲ್ಲಿ ಒಂದು ಪದಕ್ಕೆ ಒಂದೇ ಸಾಲು ಅಂತ ಇಲ್ಲ. ನಾಮಪದಕ್ಕೆ ಒಂದು, ಸಂಖ್ಯೆಗೆ ಒಂದು, ಬೇರೆ ವ್ಯುತ್ಪತ್ತಿ ಇದ್ದರೆ ಮತ್ತೊಂದು. ನಾನು ಪದವನ್ನೇ ಕೀ ಮಾಡಿ ಪೈಥಾನ್‌ನ ಡಿಕ್ಷನರಿಗೆ (ಒಂದು ಕೀಗೆ ಒಂದೇ ಉತ್ತರ ಇಡುವ ಪಟ್ಟಿ) ತುಂಬಿದ್ದೆ. ಆಮೇಲೆ ಬಂದ ಸಾಲು ಮೊದಲಿನದನ್ನು ಅಳಿಸುತ್ತಾ ಹೋಯಿತು. ಯಾವ ಎರರ್ ಕೂಡ ಇಲ್ಲ. ಹುಷಾರಾಗಿ ನೋಡದಿದ್ದರೆ ವರ್ಷವಾದರೂ ಗೊತ್ತಾಗದು. ಗೊತ್ತುಮಾಡುವುದು ಹೀಗೆ: ಮೂಲ ಕಡತದ ಸಾಲು ಎಣಿಸಿ, ಡೇಟಾಬೇಸ್‌ನ ಸಾಲು ಎಣಿಸಿ. ಎರಡನೆಯದು ಕಡಿಮೆ ಇದ್ದರೆ ಎಲ್ಲೋ ನುಂಗಿಹೋಗಿದೆ. ‘ವೊಯ್’ ಕೇಳಿ ನೋಡಿ. ಬೆಣ್ಣೆ, ‘ಮಾಡಲು ಆಗುತ್ತದೆ’ ಎಂಬರ್ಥದ ಕ್ರಿಯಾಪದ, ಅಯ್ಯೋ ಎಂಬ ಉದ್ಗಾರ, ಮೂರೂ ಬರಬೇಕು.

ರೂಪಗಳ ಕಾಡು

ಈಗ ಪೆಸುತುವಸ್ಸಕ್ಕೆ ಬರೋಣ. ಬೈಟ್ ಸರಿ, ಕ್ರಮ ಸರಿ, ಡೇಟಾ ಪೂರ್ತಿ ಇದೆ. ಆದರೂ ಸಿಗಲಿಲ್ಲ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಿಘಂಟಿನಲ್ಲಿ ‘ಮನೆ’ ಇರುತ್ತದೆ, ‘ಮನೆಯಲ್ಲಿ’ ಇರುವುದಿಲ್ಲ. ಫಿನ್ನಿಶ್‌ನಲ್ಲೂ ಹಾಗೇ. ‘ತಲೊ’ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ಸನಿ’ ನನ್ನ ಮನೆಯಲ್ಲಿ, ‘ತಲೊಸ್ಸನಿಕಿನ್’ ನನ್ನ ಮನೆಯಲ್ಲೂ. ಆ ‘ಕಿನ್’ ನಮ್ಮ ‘ಊ’. ‘ಬಂದನಾ’ ಅಂತ ನಾವು ಆಕಾರ ಎಳೆದು ಪ್ರಶ್ನೆ ಮಾಡುವ ಕಡೆ ಅವರು ‘ಕೊ’ ಅಂಟಿಸುತ್ತಾರೆ. ವಿಭಕ್ತಿಗಳು 15. ಹೆಲ್ಸಿಂಕಿಯ ಭಾಷಾವಿಜ್ಞಾನಿ ಫ್ರೆಡ್ ಕಾರ್ಲ್‌ಸನ್ ‘ಕೌಪ್ಪ’, ಅಂದರೆ ಅಂಗಡಿ, ಎಂಬ ಒಂದೇ ಪದದ ರೂಪಗಳನ್ನು ಪಟ್ಟಿ ಮಾಡಿದ್ದಾರೆ. ಒಟ್ಟು 2,253.

ಬಾಲ ಕತ್ತರಿಸಿದರೆ ಆಯಿತಲ್ಲ ಅಂತ ನಾನೂ ಅಂದುಕೊಂಡೆ. ಸ್ನೋಬಾಲ್ ಎಂಬ ಸ್ಟೆಮರ್‌ನಲ್ಲಿ ಫಿನ್ನಿಶ್ ಇದೆ, ಅದನ್ನೇ ಹಾಕಿದೆ. ತಲೊಸ್ಸ ಸರಿಹೋಯಿತು. ‘ಕದುಲ್ಲ’ ಕೊಟ್ಟರೆ ಎಡವಿತು. ಬೀದಿಯಲ್ಲಿ ಎಂದು ಅರ್ಥ, ಆದರೆ ಬೀದಿ ‘ಕದು’ ಅಲ್ಲ, ‘ಕತು’. ಪ್ರತ್ಯಯ ಬಂದಾಗ ನಡುವಿನ ವ್ಯಂಜನ ಮೆತ್ತಗಾಗುತ್ತದೆ. ತ ಇದ್ದದ್ದು ದ, ಪ ಇದ್ದದ್ದು ವ, ಕ ಇದ್ದದ್ದು ಎಷ್ಟೋ ಸಲ ಮಾಯ. ಊರ ಹೆಸರಿಗೂ ರಿಯಾಯಿತಿ ಇಲ್ಲ. ಹೆಲ್ಸಿಂಕಿಯಲ್ಲಿ ಅನ್ನಲು ‘ಹೆಲ್ಸಿಂಗಿಸ್ಸ್ಯಾ’, ತುರ್ಕುವಿನಲ್ಲಿ ಅನ್ನಲು ‘ತುರುಸ್ಸ’. ಸ್ಟೆಮರ್ ಬಾಲ ಕತ್ತರಿಸುತ್ತದೆ, ಹೊಟ್ಟೆಯೊಳಗೆ ಬದಲಾದದ್ದನ್ನು ವಾಪಸ್ ತರುವುದಿಲ್ಲ. ವಾಪಸ್ ತರುವ ನಿಯಮ ನಾವೇ ಬರೆಯೋಣ ಅಂದರೆ ‘ಸದೆ’ ಥರದವು ಉಲ್ಟಾ ನಡೆಯುತ್ತವೆ. ಮಳೆ ‘ಸದೆ’, ಮಳೆಯ ಅನ್ನಲು ‘ಸತೇನ್’. ಇಲ್ಲಿ ಮೂಲದಲ್ಲೇ ದ, ಪ್ರತ್ಯಯ ಬಂದಾಗ ತ.

ಹಾಗಾಗಿ ನಿಯಮದ ಸಹವಾಸ ಬಿಟ್ಟೆ. ಜೇಸನ್ ಸಾಲಿನಲ್ಲಿ ‘ಫಾರ್ಮ್ಸ್’ ಎಂಬ ಪಟ್ಟಿ ಇರುತ್ತದೆ. ವಿಕ್ಷನರಿಯ ವಿಭಕ್ತಿ ಕೋಷ್ಟಕ ಅದರೊಳಗೆ ಇಳಿದು ಬಂದಿರುತ್ತದೆ. ಪ್ರತಿ ರೂಪಕ್ಕೂ ಒಂದು ಸಾಲು ಮಾಡಿ, ಮೂಲ ಪದಕ್ಕೆ ಕೊಂಡಿ ಹಾಕಿದ ಬೇರೊಂದು ಟೇಬಲ್ ಕಟ್ಟಿದೆ. ಡಿಸ್ಕ್ ಜಾಗ ಜಾಸ್ತಿ ತಿಂದಿತು, ಆದರೆ ಹುಡುಕಾಟ ಈಗ ಬರೀ ಇಂಡೆಕ್ಸ್ ನೋಡುವ ಕೆಲಸ. ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ಪದವೇ ಅಲ್ಲದ ಸಾಲುಗಳೂ ಇವೆ. ‘ಟೇಬಲ್-ಟ್ಯಾಗ್ಸ್’, ‘ಇನ್‌ಫ್ಲೆಕ್ಷನ್-ಟೆಂಪ್ಲೇಟ್’ ಎಂಬ ಟ್ಯಾಗ್ ಇರುವವು, ಬರೀ ಗೀಟು ಇರುವವು. ಅವನ್ನು ಜರಡಿ ಹಿಡಿಯಿರಿ. ಇಲ್ಲದಿದ್ದರೆ ಒಂದು ಗೀಟು ಹೊಡೆದರೆ ರಾಶಿ ಪದ ಬಂದು ಬೀಳುತ್ತವೆ.

ಇನ್ನೊಂದು. ಕೆಲವು ಬಾಗಿದ ರೂಪಗಳಿಗೆ ತಮ್ಮದೇ ಸಾಲು ಇದ್ದು, ಅರ್ಥದ ಜಾಗದಲ್ಲಿ ‘ಇಂಥ ಪದದ ಇಂಥ ವಿಭಕ್ತಿ’ ಅಂತಷ್ಟೇ ಬರೆದಿರುತ್ತದೆ. ಕಲಿಯುವವರಿಗೆ ಅದು ಅರ್ಧ ಉತ್ತರ. ‘ಫಾರ್ಮ್ ಆಫ್’ ಇದ್ದರೆ ಅದನ್ನು ಹಿಂಬಾಲಿಸಿ ಮೂಲ ಪದದ ಅರ್ಥವನ್ನೂ ಕೆಳಗೆ ತೋರಿಸಿ.

ಆಮೇಲೂ ಸಿಗದಿದ್ದರೆ ಅಂಟುಗಳನ್ನು ಬಿಡಿಸಿ. ಮೊದಲು ‘ಕಿನ್’, ‘ಕೊ’, ‘ಹನ್’, ‘ಪ’. ಆಮೇಲೆ ‘ನಿ’, ‘ಸಿ’, ‘ನ್ಸ’, ‘ಮ್ಮೆ’, ‘ನ್ನೆ’. ಒಂದೊಂದು ಬಿಡಿಸಿದ ಮೇಲೂ ಟೇಬಲ್ ನೋಡಿ. ಹೊರಗಿನದನ್ನು ಮೊದಲು ಬಿಚ್ಚಬೇಕು, ಸ್ವೆಟರ್ ಮೇಲಿನ ಕೋಟು ಬಿಚ್ಚಿದ ಹಾಗೆ. ಚುಕ್ಕೆ ಸ್ವರದ ಪದಕ್ಕೆ ಚುಕ್ಕೆಯ ಅಂಟು ಬರುತ್ತದೆ ಎಂಬುದು ನೆನಪಿರಲಿ, ಹನ್ ಇದ್ದ ಹಾಗೆ ಹ್ಯಾನ್ ಕೂಡ ಇದೆ.

ಕೊನೆಗೆ ಜೋಡು ಪದ. ಪೆಸುತುವಸ್ಸ ಇಲ್ಲೇ ಬಿಡಿಸಿಕೊಂಡಿತು. ‘ಪೆಸು’ ಒಗೆತ, ‘ತುವಸ್ಸ’ ಎಂಬುದು ‘ತುಪ’ದ ಸಪ್ತಮಿ. ಪ ಮೆತ್ತಗಾಗಿ ವ ಆಗಿದೆ. ತುಪ ಎಂದರೆ ಕೋಣೆ, ಗುಡಿಸಲು. ಪೆಸುತುಪ ಬಟ್ಟೆ ಒಗೆಯುವ ಕೋಣೆ. ಜೋಡು ಪದದಲ್ಲಿ ಪ್ರತ್ಯಯ ಹತ್ತುವುದು ಕೊನೆಯ ತುಂಡಿಗೆ. ಅದಕ್ಕೇ ಬಲಗಡೆಯಿಂದ ಬನ್ನಿ: ಟೇಬಲ್‌ನಲ್ಲಿರುವ ಅತಿ ಉದ್ದದ ಬಾಲ ಹುಡುಕಿ, ಉಳಿದ ತಲೆ ಪದವೋ ಅಲ್ಲವೋ ನೋಡಿ. ಮೂರು ಅಕ್ಷರಕ್ಕಿಂತ ಚಿಕ್ಕ ತುಂಡು ಒಪ್ಪಬೇಡಿ, ಇಲ್ಲದಿದ್ದರೆ ಎಲ್ಲ ಪದವೂ ಪುಡಿಪುಡಿ. ಹೀಗೆ ಒಡೆದದ್ದು ಊಹೆ ಅಂತ ಪರದೆಯ ಮೇಲೆ ಹೇಳಿಬಿಡಿ. ‘ಕೈವೊಸೌಕ್ಕೊ’ ಎಂಬುದನ್ನು ಕೈವೊಸ್, ಔಕ್ಕೊ ಅಂತ ಒಡೆದರೆ ಗಣಿಯ ಬಾಯಿ. ಕೈವೊ, ಸೌಕ್ಕೊ ಅಂತ ಒಡೆದರೆ ಬಾವಿಯ ನೀರುನಾಯಿ. ನನ್ನ ಪ್ರೋಗ್ರಾಂ ಅತಿ ಉದ್ದದ ಬಾಲ ಹಿಡಿಯುವುದರಿಂದ ನೀರುನಾಯಿಯನ್ನೇ ಮೊದಲು ತೋರಿಸುತ್ತದೆ. ಅದನ್ನು ನಾನು ಸರಿ ಮಾಡಿಲ್ಲ, ನೋಡಿದಾಗಲೆಲ್ಲ ನಗು ಬರುತ್ತದೆ.

ಇಷ್ಟಾದರೂ ಅನುಮಾನ ಇದ್ದರೆ ವೊಯ್ಕ್ಕೊ ಇದೆ. ಫಿನ್ನಿಶ್ ಕಾಗುಣಿತ ನೋಡುವ ಮುಕ್ತ ತಂತ್ರಾಂಶ. ಪದ ಕೊಟ್ಟರೆ ಮೂಲ ರೂಪ ಹೇಳುತ್ತದೆ. ವೊಯ್ಕ್ಕೊ ಹೇಳಿದ ಮೂಲ ಪದ ನಿಮ್ಮ ಟೇಬಲ್‌ನಲ್ಲಿ ಇದ್ದರೆ ದೋಷ ನಿಮ್ಮ ಕೊಂಡಿಯದ್ದು. ಇಲ್ಲದಿದ್ದರೆ ಮಾತ್ರ, ಈಗ, ಡೇಟಾವನ್ನು ಬೈಯಬಹುದು.

ಬೈಯುವ ಮೊದಲು ಒಂದು ಸಲ ಬರವಣಿಗೆಯ ಚಿಹ್ನೆಗಳನ್ನೂ ನೋಡಿ. ತಕ್ಕಡಿ ‘ವಾಕ’, ತಕ್ಕಡಿಯ ಅನ್ನಲು ಕ ಮಾಯವಾಗಿ ಆ ಜಾಗದಲ್ಲಿ ಅಪಾಸ್ಟ್ರಫಿ ಗುರುತು ಬರುತ್ತದೆ: ‘ವಾ'ಅನ್’. ಕೀಬೋರ್ಡ್‌ನ ನೆಟ್ಟಗಿನ ಗುರುತು ಬೇರೆ, ಪುಸ್ತಕದಲ್ಲಿ ಅಚ್ಚಾಗುವ ಬಾಗಿದ ಗುರುತು ಬೇರೆ. ಎರಡನ್ನೂ ಒಂದು ಮಾಡಿಕೊಳ್ಳಿ. ಸಂಕ್ಷಿಪ್ತ ಹೆಸರಿಗೆ ಕೊಲನ್ ಹಾಕಿ ಪ್ರತ್ಯಯ ಹಚ್ಚುತ್ತಾರೆ, ‘ಇಯು:ಸ್ಸ’ ಥರ. ಅಲ್ಲಿ ಕೊಲನ್‌ಗೆ ಮುಂಚಿನದನ್ನು ಮಾತ್ರ ಹುಡುಕಿ.

ಆಡುಮಾತು ಬೇರೆಯೇ ಲೋಕ. ‘ಮಿನ್ಯಾ ಒಲೆನ್’ (ನಾನು ಇದ್ದೇನೆ) ಅಂತ ಪುಸ್ತಕದಲ್ಲಿ ಕಲಿತು ಹೊರಗೆ ಹೋದರೆ ಎಲ್ಲರೂ ‘ಮ್ಯಾ ಓನ್’ ಅನ್ನುತ್ತಾರೆ. ಇದಕ್ಕೆ ನಾನು ಕೈಯಿಂದ ಒಂದು ಚಿಕ್ಕ ಪಟ್ಟಿ ಮಾಡಿಕೊಂಡಿದ್ದೇನೆ, ಕೇಳಿಸಿಕೊಂಡಾಗಲೆಲ್ಲ ಒಂದು ಸಾಲು ಸೇರಿಸುತ್ತೇನೆ.

ಈಗ ಪ್ರೋಗ್ರಾಂ ಪಕ್ಕದಲ್ಲಿ ಒಂದು ಸಣ್ಣ ಕಡತ ಇದೆ. ಹೊಸ ಡೇಟಾ ಇಳಿಸಿಕೊಂಡಾಗ ಮೊದಲು ಅದನ್ನು ಓಡಿಸುತ್ತೇನೆ. ಅದರಲ್ಲಿ ಹತ್ತು ಸಾಲು: ಸ್ಯಾ ಐದು ಬೈಟ್‌ನಲ್ಲಿ, ಸ್ಯಾ ಏಳು ಬೈಟ್‌ನಲ್ಲಿ, ದೊಡ್ಡಕ್ಷರದ ಆ್ಯನಿ, ವ್ಯಾರ್ಯಾ, ಕೂಸಿ, ಕದುಲ್ಲ, ಸತೇನ್, ತಲೊಸ್ಸನಿಕಿನ್, ವಾ'ಅನ್, ಕೊನೆಗೆ ಪೆಸುತುವಸ್ಸ. ಆ ಚೀಟಿ ಹೇಳುತ್ತಿದ್ದದ್ದು ಒಗೆಯುವ ಕೋಣೆಯಲ್ಲಿ ಮರುದಿನ ನೀರು ಬರುವುದಿಲ್ಲ ಅಂತ. ಅದು ನನಗೆ ಗೊತ್ತಾದದ್ದು ಮರುದಿನವೇ, ಬಟ್ಟೆ ಬುಟ್ಟಿ ಹಿಡಿದು ಕೆಳಗೆ ಹೋದ ಮೇಲೆ.